1985ರಲ್ಲಿ ಬಾಗಿಲು ತೆರೆದರೂ ಮಂಡೇಲಾ ಹೊರಗೆ ಯಾಕೆ ಬರಲಿಲ್ಲ?

ಮಲೆನಾಡ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಜುಲೈ 18 ನೆಲ್ಸನ್ ಮಂಡೇಲಾ ಹುಟ್ಟಿದ ದಿನ. ಅವತ್ತು ಹತ್ತನೇ ತರಗತಿಯ ಮಕ್ಕಳಿಗೆ ಅವರ ಬಗ್ಗೆ ಒಂದು ಗಂಟೆ ಮಾತಾಡಬೇಕು ಅಂದುಕೊಂಡಿದ್ದೇನೆ. ನಮ್ಮಲ್ಲಿ ಆ ಕಥೆಯನ್ನು ಹೇಳುವ ರೀತಿ ಎಲ್ಲರಿಗೂ ಗೊತ್ತಿರುವುದೇ: ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರು ಕರಿಯರನ್ನು ತುಳಿದರು, ಮಂಡೇಲಾ ಗಾಂಧೀಜಿಯ ಹಾದಿ ಹಿಡಿದರು, 27 ವರ್ಷ ಜೈಲಿನಲ್ಲಿದ್ದರು, ಹೊರಗೆ ಬಂದು ಎಲ್ಲರನ್ನೂ ಕ್ಷಮಿಸಿದರು, ದೇಶದ ಅಧ್ಯಕ್ಷರಾದರು. ಇದರಲ್ಲಿ ಬಿಟ್ಟುಹೋದದ್ದೇ ಬಹಳ. ಅದರಲ್ಲೂ 1985ರ ಒಂದು ಘಟನೆಯನ್ನು ಮಕ್ಕಳಿಗೆ ಹೇಳದೆ ಇರಲು ನನಗೆ ಮನಸ್ಸು ಬರುತ್ತಿಲ್ಲ.

ಆ ವರ್ಷ ಜನವರಿ 31ರಂದು ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಸಂಸತ್ತಿನಲ್ಲಿ ಒಂದು ಮಾತು ಸಾರಿದರು. ಹಿಂಸೆಯನ್ನು ರಾಜಕೀಯಕ್ಕೆ ಬಳಸುವುದಿಲ್ಲ ಎಂದು ಮಂಡೇಲಾ ಒಪ್ಪಿಕೊಂಡರೆ ಬಿಟ್ಟುಬಿಡುತ್ತೇವೆ ಎಂದು. ಮಂಡೇಲಾಗೆ ಆಗ 66 ವರ್ಷ. ಒಳಗೆ ಹೋಗಿ 22 ವರ್ಷ ದಾಟಿತ್ತು. 1968ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲು ಬಿಟ್ಟಿರಲಿಲ್ಲ. ಮರುವರ್ಷ ಹಿರಿಮಗ ಥೆಂಬಿ ಕಾರು ಅಪಘಾತದಲ್ಲಿ ಸತ್ತಾಗಲೂ ಬಿಡಲಿಲ್ಲ. ಇಷ್ಟೆಲ್ಲ ಕಳೆದುಕೊಂಡವರಿಗೆ ಮನೆ ಸೇರಲು ಒಂದು ಒಪ್ಪಿಗೆ ಸಾಕಾಗಿತ್ತು.

ಫೆಬ್ರವರಿ 10ರಂದು ಸೊವೆಟೊದ ಜಬುಲಾನಿ ಕ್ರೀಡಾಂಗಣದಲ್ಲಿ ಕಿರಿಮಗಳು ಜಿಂಜಿ ಅಪ್ಪನ ಉತ್ತರವನ್ನು ಜನರೆದುರು ಓದಿದಳು. ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟುಟು ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದಕ್ಕೆ ಸೇರಿದ್ದ ಸಭೆ ಅದು. ಉತ್ತರ ಹೀಗಿತ್ತು: ಜನರ ಸಂಘಟನೆಯ ಮೇಲೆ ನಿಷೇಧ ಹಾಗೇ ಇರುವಾಗ ನನಗೆ ಕೊಡುತ್ತಿರುವುದು ಎಂಥ ಸ್ವಾತಂತ್ರ್ಯ? ಪಾಸ್ (ಕರಿಯರು ಓಡಾಡಲು ಇಟ್ಟುಕೊಳ್ಳಬೇಕಿದ್ದ ಪರವಾನಗಿ) ಇಲ್ಲವೆಂದು ಮತ್ತೆ ಹಿಡಿಯಬಹುದಾದರೆ ಎಂಥ ಸ್ವಾತಂತ್ರ್ಯ? ನನ್ನ ಹೆಂಡತಿಯನ್ನು ಬ್ರ್ಯಾಂಡ್‌ಫೋರ್ಟಿಗೆ ಗಡೀಪಾರು ಮಾಡಿ ಇಟ್ಟಿರುವಾಗ ಎಂಥ ಸ್ವಾತಂತ್ರ್ಯ? ಕೊನೆಗೆ ಕಡ್ಡಿ ಮುರಿದ ಹಾಗೆ ಒಂದು ಮಾತು: ಸ್ವತಂತ್ರರು ಮಾತ್ರ ಮಾತುಕತೆ ನಡೆಸಬಲ್ಲರು, ಕೈದಿಗಳು ಒಪ್ಪಂದ ಮಾಡಿಕೊಳ್ಳಲಾರರು.

ನನ್ನ ಪ್ರಶ್ನೆ ಇದು. ಗಾಂಧೀಜಿಯ ಹಾದಿಯವರೇ ಆಗಿದ್ದರೆ 'ಹಿಂಸೆ ಬಿಡುತ್ತೇನೆ' ಅನ್ನಲು ಏನು ಅಡ್ಡಿ ಇತ್ತು? ಮಕ್ಕಳು ಕೇಳಿಯೇ ಕೇಳುತ್ತಾರೆ. ತಿಳಿದವರು ದಯವಿಟ್ಟು ಬರೆಯಿರಿ.

ಹಳೇ ಬ್ಯಾಂಕಿನವರು:
ಮೇಷ್ಟ್ರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ನನ್ನ ಕಾಲದವರಿಗೆ ಮಂಡೇಲಾ ಮುಖವೇ ಗೊತ್ತಿರಲಿಲ್ಲ. ಅವರ ಫೋಟೋ ಅಚ್ಚು ಹಾಕುವುದಕ್ಕೂ ಅಲ್ಲಿ ನಿಷೇಧ, ಇದ್ದದ್ದೆಲ್ಲ ಅರವತ್ತರ ದಶಕದ ಹಳೇ ಚಿತ್ರಗಳು. ಆದರೆ ದಕ್ಷಿಣ ಆಫ್ರಿಕಾ ಎಂಬ ದೇಶ ನಮ್ಮ ಪಾಸ್‌ಪೋರ್ಟಿನಲ್ಲೇ ಇತ್ತು. ಆ ದೇಶವೊಂದನ್ನು ಬಿಟ್ಟು ಉಳಿದೆಡೆ ಹೋಗಬಹುದು ಎಂದು ಅಚ್ಚಾಗಿ ಬರುತ್ತಿತ್ತು. ನಮಗಿನ್ನೂ ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಭಾರತ ಅವರ ಜತೆ ವ್ಯಾಪಾರ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ನಮ್ಮ ಟೆನಿಸ್ ತಂಡ ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲೇ ಇಲ್ಲ, ಕಪ್ ಅವರ ಪಾಲಾಯಿತು. 1991ರ ನವೆಂಬರಿನಲ್ಲಿ ಅವರ ಕ್ರಿಕೆಟ್ ತಂಡ ಕಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದು ಇಳಿದಾಗ ನಾನು ಟಿ.ವಿ. ಮುಂದೆ ಕೂತು ನೋಡಿದ್ದೇನೆ. ಇದೂ ಮಕ್ಕಳಿಗೆ ಗೊತ್ತಿರಲಿ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಷ್ಟು ನಾನು ಓದಿಲ್ಲ. ಓದಿದವರು ಬರೆಯಲಿ, ಕೇಳುತ್ತೇನೆ.

ಕಾನೂನು ಓದುವವಳು:
ಸರ್, ಉತ್ತರ 1985ರಲ್ಲಿಲ್ಲ, 1961ರಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಡೇಲಾ ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದ್ದು 1912ರಲ್ಲಿ. ಮರುವರ್ಷವೇ ಬಂದ ಭೂ ಕಾಯ್ದೆ ಕರಿಯರಿಗೆ ದೇಶದ ಸುಮಾರು ಶೇ. 7ರಷ್ಟು ನೆಲದಾಚೆ ಜಮೀನು ಕೊಳ್ಳುವ ಹಕ್ಕನ್ನೇ ಕಿತ್ತುಕೊಂಡಿತು. ಅಲ್ಲಿಂದ ಶುರುವಾಗಿ ಸುಮಾರು ಐವತ್ತು ವರ್ಷ ಈ ಪಕ್ಷ ಮಾಡಿದ್ದೆಲ್ಲ ಮನವಿ, ನಿಯೋಗ, ಮೆರವಣಿಗೆ, ಸತ್ಯಾಗ್ರಹ. 1948ರಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ ಪ್ರತಿ ಮನುಷ್ಯನಿಗೂ ಒಂದು ಜನಾಂಗದ ಮುದ್ರೆ ಒತ್ತುವ ಕಾಯ್ದೆ, ಯಾವ ಬಣ್ಣದವರು ಯಾವ ಬೀದಿಯಲ್ಲಿ ಇರಬೇಕೆಂಬ ಕಾಯ್ದೆ, ಬಣ್ಣ ಮೀರಿ ಮದುವೆಯಾಗಬಾರದೆಂಬ ಕಾಯ್ದೆ ಒಂದರ ಹಿಂದೊಂದು ಬಂದವು. ಕರಿಯ ಗಂಡಸು ಸದಾ ಜೇಬಿನಲ್ಲಿ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕು. ಮನೆಯಲ್ಲಿ ಮರೆತು ಬಂದರೂ ಜೈಲು.

1952ರಲ್ಲಿ ಮಂಡೇಲಾ ಮತ್ತು ಆಲಿವರ್ ಟಾಂಬೊ ಜೋಹಾನ್ಸ್‌ಬರ್ಗಿನ ಚಾನ್ಸೆಲರ್ ಹೌಸ್‌ನಲ್ಲಿ ವಕೀಲಿ ಕಚೇರಿ ತೆರೆದರು. ಬೆಳಗ್ಗೆ ಕಚೇರಿಗೆ ಬರಬೇಕಾದರೆ ಮೆಟ್ಟಿಲ ಮೇಲೆ ಕೂತ ಕಕ್ಷಿದಾರರ ನಡುವೆ ದಾರಿ ಮಾಡಿಕೊಂಡೇ ಹತ್ತಬೇಕಿತ್ತು. ಬಂದವರು ಕಳ್ಳರಲ್ಲ, ಕೊಲೆಗಡುಕರೂ ಅಲ್ಲ. ಬಿಳಿಯರ ಬಾಗಿಲಿನಿಂದ ಒಳಗೆ ಹೋದವರು, ರಾತ್ರಿ ಹನ್ನೊಂದರ ಮೇಲೆ ರಸ್ತೆಯಲ್ಲಿ ಸಿಕ್ಕವರು, ಮನೆ ಕಳೆದುಕೊಂಡ ರೈತರು. ಅದೇ ವರ್ಷ ಜೂನ್ 26ರಂದು ಶುರುವಾದ ಕಾನೂನು ಭಂಗ ಚಳವಳಿಗೆ ಮಂಡೇಲಾ ಸ್ವಯಂಸೇವಕರ ಮುಖ್ಯಸ್ಥ, ಅವರ ಕೈಕೆಳಗೆ ಮೌಲ್ವಿ ಕಚಾಲಿಯಾ. 8,000ಕ್ಕೂ ಹೆಚ್ಚು ಜನ ತಾವಾಗಿಯೇ ಜೈಲಿಗೆ ಹೋದರು. 1946ರಲ್ಲಿ ಅಲ್ಲಿನ ಭಾರತೀಯರು ನಡೆಸಿದ್ದ ಸತ್ಯಾಗ್ರಹ ತಮ್ಮ ಮೇಲೆ ಬೀರಿದ ಪ್ರಭಾವವನ್ನು ಮಂಡೇಲಾ ಮುಚ್ಚಿಟ್ಟವರಲ್ಲ. ಆದರೆ ಅಹಿಂಸೆ ಅವರಿಗೆ ವ್ರತ ಆಗಿರಲಿಲ್ಲ, ತಂತ್ರ ಆಗಿತ್ತು. ಕೆಲಸ ಮಾಡುವ ತನಕ ಅದು, ಮಾಡದಿದ್ದಾಗ ಬೇರೆ. ಗಾಂಧೀಜಿಗೂ ಅವರಿಗೂ ಇರುವ ವ್ಯತ್ಯಾಸ ಇದೇ, ಮಕ್ಕಳಿಗೆ ಇದನ್ನು ನೇರವಾಗಿ ಹೇಳಬಹುದು ಸರ್.

1960ರ ಮಾರ್ಚ್ 21. ಶಾರ್ಪ್‌ವಿಲ್. ಪಾಸ್ ಪುಸ್ತಕ ತಂದಿಲ್ಲ, ಹಿಡಿಯಿರಿ ಎಂದು ಠಾಣೆ ಮುಂದೆ ಬಂದು ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು, ಓಡುವಾಗ ಬೆನ್ನಿಗೆ ಗುಂಡು ತಿಂದವರೇ ಬಹಳ. ಅದರ ಬೆನ್ನಿಗೇ, ಏಪ್ರಿಲ್ 8ರಂದು, ಕಾಂಗ್ರೆಸ್ಸನ್ನೂ ರಾಬರ್ಟ್ ಸೊಬುಕ್ವೆ ಅವರ ಪಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ಸನ್ನೂ ನಿಷೇಧಿಸಿದರು. 1961ರ ಮೇ ಕೊನೆಯಲ್ಲಿ ಮಂಡೇಲಾ ಭೂಗತರಾಗಿದ್ದುಕೊಂಡು ಮೂರು ದಿನ ಕೆಲಸಕ್ಕೆ ಹೋಗಬೇಡಿ ಎಂದು ಕರೆ ಕೊಟ್ಟರು. ಮನೆಯಲ್ಲಿ ಕೂರುವ ಮುಷ್ಕರ, ಅಷ್ಟೇ. ಅದಕ್ಕೂ ಸೈನ್ಯ ಇಳಿಸಿದರು. ಅಲ್ಲಿಗೆ ಅಹಿಂಸೆಯ ಮೇಲೆ ಮಂಡೇಲಾ ಇಟ್ಟಿದ್ದ ನಂಬಿಕೆ ಮುಗಿಯಿತು.

ಪಕ್ಷದ ಅಧ್ಯಕ್ಷ ಆಲ್ಬರ್ಟ್ ಲುಥುಲಿ ಮಾತ್ರ ಅಹಿಂಸೆಯನ್ನು ಮನಸಾರೆ ನಂಬಿದ್ದವರು. ಇಡೀ ರಾತ್ರಿ ಚರ್ಚೆಯಾಗಿ ಕೊನೆಗೆ ಒಂದು ಮಧ್ಯದ ದಾರಿ ಸಿಕ್ಕಿತು: ಪಕ್ಷ ಅಹಿಂಸೆಯಲ್ಲೇ ಇರಲಿ, ಶಸ್ತ್ರ ಹಿಡಿಯುವವರು ಬೇರೆ ಸಂಘಟನೆ ಕಟ್ಟಿಕೊಳ್ಳಲಿ. ಅದೇ ಉಮ್ಖೊಂಟೊ ವೆ ಸಿಜ್ವೆ, ಅದರ ಮೊದಲ ದಂಡನಾಯಕ ಮಂಡೇಲಾ. 1961ರ ಡಿಸೆಂಬರ್ 10ರಂದು ಲುಥುಲಿ ಓಸ್ಲೊದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಂಡರು. ಆರೇ ದಿನಕ್ಕೆ, ಡಿಸೆಂಬರ್ 16ರಂದು, ಮೊದಲ ಬಾಂಬುಗಳು ಸಿಡಿದವು. ವಿದ್ಯುತ್ ಸ್ಥಾವರ, ಸರ್ಕಾರಿ ಕಚೇರಿ ಇವೇ ಗುರಿ. ಜೀವಹಾನಿ ಆಗಕೂಡದು ಎಂಬುದು ಕಟ್ಟಪ್ಪಣೆ.

ಹೀಗಾಗಿ 1985ರಲ್ಲಿ ಬೋಥಾ ಕೇಳಿದ್ದು ಬರೀ ಒಂದು ಮಾತಲ್ಲ. ತಪ್ಪು ನಮ್ಮದು, ಗುಂಡು ಹಾರಿಸಿದ ನೀವು ಸರಿ ಎಂದು ಬರೆದುಕೊಡು ಅಂದ ಹಾಗೆ. ಹಿಂಸೆ ಬಿಡಬೇಕಾದವರು ಮೊದಲು ಬೋಥಾ ಎಂದು ಜಿಂಜಿ ಓದಿದ ಪತ್ರದಲ್ಲೇ ಇದೆ.

ನೇರಮಾತು:
ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಜೀವಹಾನಿ ಆಗಕೂಡದು ಎಂಬ ಅಪ್ಪಣೆ ಉಳಿಯಿತಾ? 1983ರ ಮೇ 20ರಂದು ಪ್ರಿಟೋರಿಯಾದ ಚರ್ಚ್ ಸ್ಟ್ರೀಟಿನಲ್ಲಿ ಕಾರ್ ಬಾಂಬ್ ಸಿಡಿದು 19 ಜನ ಸತ್ತರು. ದಾರಿಹೋಕರೂ ಇದ್ದರು. ಅವರ ಮನೆಯವರಿಗೆ ಏನು ಉತ್ತರ?

ಇನ್ನೊಂದು. 'ಕೈದಿಗಳು ಒಪ್ಪಂದ ಮಾಡಿಕೊಳ್ಳಲಾರರು' ಎಂದು ಫೆಬ್ರವರಿಯಲ್ಲಿ ಹೇಳಿದವರು ಅದೇ ವರ್ಷ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನ್ಯಾಯ ಮಂತ್ರಿ ಕೋಬಿ ಕುಟ್ಸಿಯನ್ನು ಭೇಟಿ ಮಾಡಿದರು, ಆಮೇಲೆ ಗುಟ್ಟಾಗಿ ಮಾತುಕತೆ ಶುರು ಮಾಡಿದರು. ಇದನ್ನೂ ಮಕ್ಕಳಿಗೆ ಹೇಳಬೇಕಲ್ಲವೇ?

ಕಾನೂನು ಓದುವವಳು:
ಖಂಡಿತ ಹೇಳಬೇಕು. ಸತ್ತವರ ಮನೆಯವರಿಗೆ ಕೊಡುವ ಉತ್ತರ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಟುಟು ಅವರ ಸತ್ಯ ಮತ್ತು ಸಮನ್ವಯ ಆಯೋಗ ಬಿಳಿಯ ಸರ್ಕಾರದ ಪಾತಕಗಳ ಜತೆಗೆ ಕಾಂಗ್ರೆಸ್ ತನ್ನ ಶಿಬಿರಗಳಲ್ಲಿ ಕೊಟ್ಟ ಚಿತ್ರಹಿಂಸೆಯನ್ನೂ ದಾಖಲಿಸಿತು. 1998ರಲ್ಲಿ ಆ ವರದಿ ಹೊರಬರದಂತೆ ತಡೆಯಲು ಕಾಂಗ್ರೆಸ್ ಪಕ್ಷವೇ ಕೋರ್ಟಿಗೆ ಹೋಯಿತು. ಮಂಡೇಲಾ ತಮ್ಮ ಪಕ್ಷದ ಮಾತು ಕೇಳದೆ ವರದಿಯನ್ನು ಕೈಯಾರೆ ಸ್ವೀಕರಿಸಿದರು. ನಮ್ಮವರು ಮಾಡಿದ್ದೂ ಬರೆದಿಡಬೇಕು ಎನ್ನುವುದಕ್ಕೆ ಎದೆಗಾರಿಕೆ ಬೇಕು.

ಗುಟ್ಟಿನ ಮಾತುಕತೆ ಬಗ್ಗೆ. ಮೂತ್ರಕೋಶದ ಕೆಳಗಿನ ಗ್ರಂಥಿಯ ಶಸ್ತ್ರಚಿಕಿತ್ಸೆ ಮುಗಿದು ಪೋಲ್ಸ್‌ಮೂರ್ ಜೈಲಿಗೆ ವಾಪಸ್ ಬಂದಾಗ ಅವರನ್ನು ಸಂಗಾತಿಗಳಿಂದ ಬೇರೆ ಮಾಡಿ ಕೆಳಗಿನ ಅಂತಸ್ತಿನಲ್ಲಿ ಒಂಟಿಯಾಗಿ ಇಟ್ಟರು. ಪ್ರತಿಭಟಿಸಬಹುದಿತ್ತು, ಪ್ರತಿಭಟಿಸಲಿಲ್ಲ. ಒಂಟಿಯಾಗಿದ್ದರೆ ಮಾತಾಡಲು ದಾರಿಯಾಗುತ್ತದೆ ಎಂದು ಯೋಚಿಸಿದರು, ಮೇಲಿನ ಅಂತಸ್ತಿನಲ್ಲಿದ್ದ ಹಳೆಯ ಸಂಗಾತಿ ವಾಲ್ಟರ್ ಸಿಸುಲು ಅವರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು. ಆದರೆ ಜಾಂಬಿಯಾದ ಲುಸಾಕಾದಲ್ಲಿದ್ದು ಪಕ್ಷ ನಡೆಸುತ್ತಿದ್ದ ಟಾಂಬೊಗೆ ವಕೀಲ ಜಾರ್ಜ್ ಬಿಜೋಸ್ ಮೂಲಕ ಸುದ್ದಿ ಮುಟ್ಟಿಸಿದರು: ನಿಮ್ಮನ್ನು ಬಿಟ್ಟು ಏನೂ ಒಪ್ಪಿಕೊಳ್ಳುವುದಿಲ್ಲ.

ಒಪ್ಪಿಕೊಳ್ಳಲೂ ಇಲ್ಲ, ಅದೇ ಮುಖ್ಯ. ಸರ್ಕಾರದ ಕಡೆಯವರು ಕೇಳಿದ್ದು ಮೂರು: ಶಸ್ತ್ರ ಕೆಳಗಿಡಿ, ಕಮ್ಯುನಿಸ್ಟರ ಸಂಗ ಬಿಡಿ, ಬಹುಮತದ ಆಡಳಿತ ಕೇಳಬೇಡಿ. ಮೂರಕ್ಕೂ ಇಲ್ಲ ಎಂದರು. ಎದುರಾಳಿಗಳು ಒಂದೇ ಮೇಜಿಗೆ ಬರುವಂತೆ ಮಾಡುವುದಷ್ಟೇ ತನ್ನ ಕೆಲಸ, ಮೇಜಿನ ಮೇಲೆ ಕೊಡು-ಕೊಳ್ಳುವುದು ಪಕ್ಷದ ಕೆಲಸ ಎಂಬ ಗೆರೆ ಹಾಕಿಕೊಂಡಿದ್ದರು. 1990ರ ಫೆಬ್ರವರಿ 2ರಂದು, ಬೋಥಾ ನಂತರ ಅಧ್ಯಕ್ಷರಾದ ಡಿ ಕ್ಲರ್ಕ್ ಪಕ್ಷದ ಮೇಲಿನ ನಿಷೇಧ ಎತ್ತಿದರು, 11ರಂದು ಮಂಡೇಲಾ ಯಾವ ಷರತ್ತೂ ಇಲ್ಲದೆ ಹೊರಗೆ ಬಂದರು. ಶಸ್ತ್ರ ಹೋರಾಟ ನಿಲ್ಲಿಸಿದ್ದು ಆರು ತಿಂಗಳ ನಂತರ, ಆಗಸ್ಟ್ 6ರಂದು, ಸ್ವತಂತ್ರ ಮನುಷ್ಯನಾಗಿ.

ಮಲೆನಾಡ ಮೇಷ್ಟ್ರು:
ಇದು ನನಗೆ ಬೇಕಿದ್ದ ಉತ್ತರ. ಬಿಡುಗಡೆಗೆ ಮೊದಲು ಕೇಳಿದ್ದನ್ನು ಬಿಡುಗಡೆಯಾದ ಮೇಲೆ ತಾವಾಗಿಯೇ ಕೊಟ್ಟರು ಎಂದಾಯಿತು. ಜೈಲಿನೊಳಗಿನ ದಿನಗಳ ಬಗ್ಗೆ ಯಾರಾದರೂ ಬರೆಯುತ್ತೀರಾ? ದೊಡ್ಡ ಮಾತುಗಳಿಗಿಂತ ಸಣ್ಣ ವಿವರಗಳನ್ನೇ ಮಕ್ಕಳು ಹಿಡಿದುಕೊಳ್ಳುತ್ತಾರೆ.

ಜೋಬರ್ಗ್ ಕನ್ನಡಿಗ:
ಮೇಷ್ಟ್ರೇ, ನಾನು ಕೆಲಸದ ಮೇಲೆ ಜೋಹಾನ್ಸ್‌ಬರ್ಗಿನಲ್ಲಿ ಇದ್ದೇನೆ. ಮಂಡೇಲಾ ಬಹುಕಾಲ ಜೈಲಿನಲ್ಲಿದ್ದ ರಾಬೆನ್ ದ್ವೀಪಕ್ಕೂ ಹೋಗಿ ಬಂದಿದ್ದೇನೆ. ಕೇಪ್‌ಟೌನ್ ಬಂದರಿನಿಂದ ದೋಣಿಯಲ್ಲಿ ಹೋಗಬೇಕು. ಅಲ್ಲಿ ಜೈಲು ತೋರಿಸುವವರು ಅದೇ ಜೈಲಿನಲ್ಲಿದ್ದ ಹಳೆಯ ರಾಜಕೀಯ ಕೈದಿಗಳು.

ನಿಮ್ಮ ಮಕ್ಕಳಿಗೆ ಚಡ್ಡಿಯ ಕಥೆ ಹೇಳಿ. 1964ರ ಜೂನ್ 12ರಂದು, ವಿಧ್ವಂಸಕ ಕೃತ್ಯಗಳ ಆರೋಪದ ರಿವೋನಿಯಾ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯಾದ ಎಂಟು ಜನರಲ್ಲಿ ಆರು ಮಂದಿ ಕರಿಯರು, ಅಹ್ಮದ್ ಕಥ್ರಾಡ ಎಂಬ ಗುಜರಾತಿ ಮೂಲದವರು ಒಬ್ಬರು, ಡೆನಿಸ್ ಗೋಲ್ಡ್‌ಬರ್ಗ್ ಎಂಬ ಬಿಳಿಯರು ಒಬ್ಬರು. ಗೋಲ್ಡ್‌ಬರ್ಗ್ ಬಿಳಿಯರಾದ್ದರಿಂದ ದ್ವೀಪಕ್ಕೆ ಕಳಿಸಲಿಲ್ಲ, ಪ್ರಿಟೋರಿಯಾದ ಬಿಳಿಯರ ಜೈಲಿನಲ್ಲಿಟ್ಟರು. ಒಂದೇ ಅಪರಾಧ, ಒಂದೇ ಶಿಕ್ಷೆ, ಜೈಲು ಮಾತ್ರ ಬೇರೆ. ದ್ವೀಪದಲ್ಲಿ ಇಳಿದ ಏಳು ಜನರಲ್ಲಿ ಎಲ್ಲರಿಗಿಂತ ಚಿಕ್ಕವರಾದ, 34 ವರ್ಷದ ಕಥ್ರಾಡ ಅವರಿಗೆ ಉದ್ದ ಪ್ಯಾಂಟು, ಕಾಲುಚೀಲ. ಅವರಿಗಿಂತ ಹಿರಿಯರಾದ ಮಂಡೇಲಾ, ಸಿಸುಲು, ಗೊವಾನ್ ಎಂಬೆಕಿ ಅವರಿಗೆ ಚಡ್ಡಿ. ಯಾಕೆಂದರೆ ಸರ್ಕಾರದ ಲೆಕ್ಕದಲ್ಲಿ ಕರಿಯ ಗಂಡಸು ಎಷ್ಟೇ ವಯಸ್ಸಾದರೂ ಹುಡುಗ. ಅದು ದಕ್ಷಿಣಾರ್ಧ ಗೋಳದ ಚಳಿಗಾಲ, ಅಟ್ಲಾಂಟಿಕ್ ಗಾಳಿ. ಊಟದಲ್ಲೂ ಹಾಗೇ. ಭಾರತೀಯರಿಗೆ ಬ್ರೆಡ್ ಇತ್ತು, ಕರಿಯರಿಗೆ ಇಲ್ಲ. ಸಕ್ಕರೆ ಕಮ್ಮಿ, ಜಾಮ್ ಇಲ್ಲವೇ ಇಲ್ಲ. ಆ ಪಟ್ಟಿಯನ್ನು ದ್ವೀಪದಲ್ಲಿ ಈಗಲೂ ತೋರಿಸುತ್ತಾರೆ. ಅದರ ಮುಂದೆ ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದು ಸರ್ಕಾರದ ಗುಮಾಸ್ತರು ಕೂತು, ಯಾವ ಬಣ್ಣದ ಹಸಿವಿಗೆ ಎಷ್ಟು ಔನ್ಸ್ ಎಂದು ಅಳೆದು ಬರೆದಿದ್ದಾರೆ!

ಮೊದಮೊದಲು ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ. 16 ವರ್ಷ ತುಂಬದ ಮಕ್ಕಳಿಗೆ ಭೇಟಿ ಇಲ್ಲ. ಜಿಂಜಿ ಅಪ್ಪ ಹೋಗುವಾಗ ಎರಡು ವರ್ಷವೂ ತುಂಬದ ಕೂಸು. ಹಗಲೆಲ್ಲ ಸುಣ್ಣಕಲ್ಲಿನ ಗಣಿಯಲ್ಲಿ ಕೆಲಸ. ಬಿಸಿಲು ಬಿಳಿ ಕಲ್ಲಿಗೆ ಬಡಿದು ಕಣ್ಣಿಗೆ ಚುಚ್ಚುತ್ತಿತ್ತು, ಕಪ್ಪು ಕನ್ನಡಕ ಕೊಡಲು ವರ್ಷಗಟ್ಟಲೆ ಒಪ್ಪಲಿಲ್ಲ. ಅವರ ಕಣ್ಣು ಕೆಟ್ಟದ್ದು ಹೀಗೆ. ಅಧ್ಯಕ್ಷರಾದ ಮೇಲೂ ಫೋಟೋ ತೆಗೆಯುವವರಿಗೆ ಫ್ಲ್ಯಾಶ್ ಹಾಕಬೇಡಿ ಎಂದು ಹೇಳಬೇಕಾಗುತ್ತಿತ್ತು.

ನನಗೆ ಬಹಳ ಇಷ್ಟವಾದದ್ದು ಆತ್ಮಕಥೆಯ ಹಸ್ತಪ್ರತಿಯ ಪ್ರಸಂಗ. 1975ರ ಹೊತ್ತಿಗೆ ಕಥ್ರಾಡ ಮತ್ತು ಸಿಸುಲು, ನಿನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಹೊರಬರುವಂತೆ ಬರೆದುಬಿಡು ಅಂದರು. ರಾತ್ರಿ ಬರೆದು ಹಗಲು ಮಲಗುವುದು. ಬರೆದ ಹಾಳೆ ಕಥ್ರಾಡ, ಸಿಸುಲು ಕೈಗೆ ಹೋಗಿ ತಿದ್ದುಪಡಿಯಾಗಬೇಕು. ಆಮೇಲೆ ಲಾಲೂ ಚಿಬಾ ಮತ್ತು ಮ್ಯಾಕ್ ಮಹಾರಾಜ್ ಅದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ನಕಲು ಮಾಡಬೇಕು. 1976ರ ಕೊನೆಗೆ ಮಹಾರಾಜ್ ಬಿಡುಗಡೆಯಾದಾಗ ಆ ನಕಲು ಅವರ ಸಾಮಾನಿನೊಳಗೆ ಅಡಗಿ ಹೊರಗೆ ಹೋಯಿತು. ಮೂಲ ಹಾಳೆಗಳನ್ನು ಜೈಲಿನ ಅಂಗಳದಲ್ಲಿ ಕೋಕೋ ಡಬ್ಬಿಗಳಲ್ಲಿ ಹಾಕಿ ಹೂತಿಟ್ಟಿದ್ದರು. ಅಲ್ಲೊಂದು ಗೋಡೆ ಕಟ್ಟಲು ಅಗೆದಾಗ ಡಬ್ಬಿ ಸಿಕ್ಕಿಬಿತ್ತು. ಶಿಕ್ಷೆ ಏನು ಗೊತ್ತೇ? ಮಂಡೇಲಾ, ಕಥ್ರಾಡ, ಸಿಸುಲು ಮೂವರಿಗೂ ನಾಲ್ಕು ವರ್ಷ ಓದುವ ಅನುಮತಿ ರದ್ದು. ಅಷ್ಟು ಹೊತ್ತಿಗೆ ನಕಲು ದೇಶವನ್ನೇ ದಾಟಿತ್ತು. ಪುಸ್ತಕವಾಗಿ ಬಂದದ್ದು 1994ರಲ್ಲಿ.

ಧಾರವಾಡದಾಕಿ:
ಇಷ್ಟೊತ್ತು ಓದಿದೆ ನೋಡ್ರಿ. ಎಲ್ಲಾರೂ ಛಲೋ ಬರದೀರಿ. ಆದ್ರ ವಿನ್ನಿ ಹೆಸರು ಒಬ್ರೂ ನೆಟ್ಟಗ ಎತ್ತಲಿಲ್ಲ. ಗಂಡ ದ್ವೀಪದಾಗ ಇದ್ದಾಗ ಅವನ ಹೆಸರು ಜನರ ಬಾಯಾಗ ಉಳಿಸಿದಾಕಿ ಯಾರು?

ಬರಾಗ್ವನಾಥ್ ಆಸ್ಪತ್ರಿಯೊಳಗ ಸಮಾಜ ಸೇವಾ ನೌಕರಿ ಮಾಡ್ತಿದ್ದ ಹುಡುಗಿ ಆಕಿ. 1958ರಾಗ ಮದವಿ, 1962ರಾಗ ಗಂಡ ಜೇಲಿಗೆ. 1969ರ ಮೇ ತಿಂಗಳಾಗ ಬೆಳಕು ಹರಿಯೂಕಿಂತ ಮೊದ್ಲ ಪೊಲೀಸರು ಬಂದು, ಸಣ್ಣ ಹುಡುಗೀರ ಕಣ್ಣೆದುರಿಗೇ ಎಳಕೊಂಡು ಹೋದ್ರು. 491 ದಿನ ಒಳಗ ಇಟ್ರು, ಅದರಾಗ ಭಾಳ ದಿನ ಒಬ್ಬಾಕಿನ್ನ ಕತ್ತಲಿ ಕೋಣ್ಯಾಗ. 1977ರಾಗ ಬ್ರ್ಯಾಂಡ್‌ಫೋರ್ಟಿಗೆ ತಂದು ಒಗದ್ರು. ಆ ಊರಾಗ ಆಕಿ ಭಾಷಾ ಮಾತಾಡೋರು ಇಲ್ಲ, ಮನಿಗೆ ನೀರಿಲ್ಲ, ಕರೆಂಟಿಲ್ಲ. ಅಲ್ಲೂ ಸುಮ್ಮನ ಕೂಡ್ಲಿಲ್ಲ, ಕೂಸುಗಳ ಸಲುವಾಗಿ ಬಾಲವಾಡಿ ತೆಗದ್ಲು, ದವಾಖಾನಿ ನಡಿಸಿದ್ಲು.

ಮುಂದ ಆಕಿ ಸುತ್ತಲಿದ್ದ ಹುಡುಗರ ಗುಂಪು ಸ್ಟಾಂಪಿ ಸೆಯಿಪಿ ಅನ್ನೋ 14 ವರ್ಷದ ಹುಡುಗನ್ನ ಎತ್ತಿಕೊಂಡು ಹೋತು, ಆ ಕೂಸು ಹೆಣ ಆತು. 1991ರಾಗ ಅಪಹರಣದ ಕೇಸಿನಾಗ ಆಕಿಗೆ ಶಿಕ್ಷಾ ಆತು. ಅದನ್ನ ನಾನು ಮುಚ್ಚಿ ಹೇಳಂಗಿಲ್ಲ. ಆ ಹುಡುಗನ ತಾಯಿ ಸಂಕಟಾನೂ ಸಂಕಟನ. ಆದ್ರ ಜೇಲಿನ್ಯಾಗಿನ ಗಂಡಸರಿಗೆ ಒಬ್ಬರಿಗೊಬ್ಬರು ಇದ್ರು, ಹೊರಗಿದ್ದ ಈ ಹೆಣ್ಣುಮಗಳಿಗೆ ಪೊಲೀಸರ ಬಿಟ್ರ ಯಾರಿದ್ರು? ಮಾಸ್ತರ್ರ, 1956ರ ಆಗಸ್ಟ್ 9ಕ್ಕ ಪಾಸ್ ಪುಸ್ತಕ ಬ್ಯಾಡ ಅಂತ ಪ್ರಿಟೋರಿಯಾದ ಸರ್ಕಾರಿ ಕಟ್ಟಡಕ್ಕ 20,000 ಹೆಣ್ಣುಮಕ್ಕಳು ಹೋಗಿ ನಿಂತಿದ್ರು. ಲಿಲಿಯನ್ ಎನ್‌ಗೋಯಿ, ಹೆಲೆನ್ ಜೋಸೆಫ್, ರಹಿಮಾ ಮೂಸಾ ಇವರ ಹೆಸರು ನಿಮ್ಮ ಸಾಲಿ ಹುಡುಗೀರಿಗೆ ಹೇಳ್ರಿ.

ನೇರಮಾತು:
ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ನನಗೆ ನಿಜವಾಗಿ ಕಾಡುವ ಪ್ರಶ್ನೆ. 1985ರಲ್ಲಿ ಇಷ್ಟು ಗಟ್ಟಿಯಾಗಿ ನಿಂತವರು 1993ರಲ್ಲಿ ಯಾಕೆ ಅಷ್ಟು ಬಿಟ್ಟುಕೊಟ್ಟರು? ಬಿಳಿಯ ಅಧಿಕಾರಿಗಳ ನೌಕರಿ, ಪಿಂಚಣಿ ಎಲ್ಲಕ್ಕೂ ಖಾತ್ರಿ ಕೊಟ್ಟರು. ಆಸ್ತಿಯ ಹಕ್ಕನ್ನು ಸಂವಿಧಾನದಲ್ಲೇ ಹಾಕಿದರು, 1996ರ ಸಂವಿಧಾನದಲ್ಲಿ ಅದು 25ನೇ ಕಲಮು. ಕಿತ್ತುಕೊಂಡ ನೆಲವನ್ನು ಸರ್ಕಾರ ಮಾರುಕಟ್ಟೆ ದರ ಕೊಟ್ಟು ಕೊಳ್ಳಬೇಕಾಯಿತು. ಐದು ವರ್ಷದಲ್ಲಿ ಶೇ. 30ರಷ್ಟು ಕೃಷಿ ಭೂಮಿ ಹಂಚುತ್ತೇವೆ ಅಂದಿದ್ದರು, ಅದರ ಹತ್ತಿರಕ್ಕೂ ಬರಲಿಲ್ಲ. ಮತ ಸಿಕ್ಕಿತು, ಮಣ್ಣು ಸಿಗಲಿಲ್ಲ. ಅಲ್ಲಿನ ಯುವಕರು ಮಂಡೇಲಾ ನಮ್ಮನ್ನು ಮಾರಿಬಿಟ್ಟರು ಅನ್ನುವುದು ಸುಮ್ಮನೆ ಅಲ್ಲ.

ಜೋಬರ್ಗ್ ಕನ್ನಡಿಗ:
ಸುಮ್ಮನೆ ಅಲ್ಲ, ನಿಜ. ಈ ಮಾತನ್ನು ನಾನು ಇಲ್ಲಿ ಆಫೀಸಿನಲ್ಲಿ ಕೇಳುತ್ತಿರುತ್ತೇನೆ. ಸ್ಯಾಂಡ್ಟನ್ ಎಂಬ ಕಡೆ ಬ್ಯಾಂಕುಗಳ ಗಾಜಿನ ಕಟ್ಟಡಗಳು. ಹೆದ್ದಾರಿಯ ಆ ಕಡೆಗೆ ಅಲೆಕ್ಸಾಂಡ್ರಾ, ತಗಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. 1941ರಲ್ಲಿ ಹಳ್ಳಿಯಿಂದ ಓಡಿ ಬಂದ ಮಂಡೇಲಾ ಬಾಡಿಗೆಗೆ ಇದ್ದದ್ದು ಇದೇ ಅಲೆಕ್ಸಾಂಡ್ರಾದ ಒಂದು ಹಿತ್ತಲ ಕೋಣೆಯಲ್ಲಿ. ಆಗ ಅಲ್ಲಿ ವಿದ್ಯುತ್ ಇರಲಿಲ್ಲ, ಜನ ಅದನ್ನು ಕತ್ತಲ ನಗರ ಎಂದೇ ಕರೆಯುತ್ತಿದ್ದರು. ಈಗಲೂ ಬೆಳಗ್ಗೆ ಅಲೆಕ್ಸಾಂಡ್ರಾದಿಂದ ಸ್ಯಾಂಡ್ಟನ್‌ಗೆ ನೆಲ ಒರೆಸಲು, ಗೇಟು ಕಾಯಲು ಬರುವವರ ಸಾಲು ನೋಡಿದರೆ ನಿಮ್ಮ ಸಿಟ್ಟು ನನಗೂ ಬರುತ್ತದೆ.

ಆದರೆ 'ಮಾರಿಬಿಟ್ಟರು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1990ರಿಂದ 1994ರವರೆಗಿನ ನಾಲ್ಕು ವರ್ಷ ಶಾಂತಿಯ ಕಾಲ ಅಲ್ಲ. ಆ ಅವಧಿಯಲ್ಲಿ ರಾಜಕೀಯ ಹಿಂಸೆಗೆ ಸುಮಾರು 14,000 ಜನ ಬಲಿಯಾದರು. ಸೈನ್ಯ, ಪೊಲೀಸ್, ಖಜಾನೆ ಎಲ್ಲ ಬಿಳಿಯರ ಕೈಯಲ್ಲೇ ಇದ್ದವು. 1992ರ ಜೂನಿನಲ್ಲಿ ಬೊಯಿಪಾಟೊಂಗ್ ಎಂಬ ಕರಿಯರ ಬಡಾವಣೆಯಲ್ಲಿ ರಾತ್ರೋರಾತ್ರಿ ಮನೆಗಳಿಗೆ ನುಗ್ಗಿ ಕೊಂದರು. ಅದೇ ವರ್ಷ ಅಧಿಕಾರವನ್ನು ಕೆಲವು ವರ್ಷ ಹಂಚಿಕೊಳ್ಳೋಣ, ಅಧಿಕಾರಿಗಳ ನೌಕರಿ ಉಳಿಸೋಣ ಎಂಬ ಸಲಹೆ ಕೊಟ್ಟವರು ಯಾರು? ಕಮ್ಯುನಿಸ್ಟ್ ಪಕ್ಷದ ಜೋ ಸ್ಲೊವೊ, ಉಮ್ಖೊಂಟೊವನ್ನು ಕಟ್ಟಿದವರಲ್ಲಿ ಒಬ್ಬರು. ಯುದ್ಧದಲ್ಲಿ ಸೋಲದ ಎದುರಾಳಿಯ ಜತೆ ಮೇಜಿನ ಮೇಲೆ ಎಷ್ಟು ಗೆಲ್ಲಬಹುದು ಎಂಬ ಲೆಕ್ಕ ಅವರಿಗಿತ್ತು.

1993ರ ಏಪ್ರಿಲ್ 10ರಂದು ಕಮ್ಯುನಿಸ್ಟ್ ಪಕ್ಷದ ನಾಯಕ ಕ್ರಿಸ್ ಹನಿಯನ್ನು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಟೌನ್‌ಶಿಪ್ಪಿನ, ಅಂದರೆ ಕರಿಯರ ಬಡಾವಣೆಗಳ, ಹುಡುಗರಿಗೆ ಮಂಡೇಲಾ ನಂತರ ಹನಿಯೇ. ಆ ವಾರ ದೇಶ ಹೊತ್ತಿ ಉರಿಯುವುದರಲ್ಲಿತ್ತು. ಅಧ್ಯಕ್ಷ ಡಿ ಕ್ಲರ್ಕ್ ಇದ್ದರೂ ಟಿ.ವಿ.ಯಲ್ಲಿ ಜನರ ಮುಂದೆ ಬಂದವರು ಯಾವ ಹುದ್ದೆಯೂ ಇಲ್ಲದ ಮಂಡೇಲಾ. ದ್ವೇಷ ತುಂಬಿದ ಒಬ್ಬ ಬಿಳಿಯ ನಮ್ಮ ದೇಶಕ್ಕೆ ಬಂದು ಈ ಹೀನ ಕೆಲಸ ಮಾಡಿದ, ಒಬ್ಬ ಆಫ್ರಿಕಾನರ್ (ಡಚ್ ಮೂಲದ) ಬಿಳಿಯ ಹೆಂಗಸು ಜೀವದ ಹಂಗು ತೊರೆದು ಅವನನ್ನು ಹಿಡಿಯಲು ನೆರವಾದಳು ಅಂದರು. ಕೊಲೆಗಾರನ ಕಾರಿನ ನಂಬರ್ ಪೊಲೀಸರಿಗೆ ಕೊಟ್ಟದ್ದು ಆ ನೆರೆಮನೆಯಾಕೆ. ಆ ಒಂದು ಮಾತಿನಿಂದ ಸಿಟ್ಟು ಬಣ್ಣದ ಕಡೆಗೆ ತಿರುಗುವುದು ತಪ್ಪಿತು. ಅದೇ ಸಿಟ್ಟನ್ನು ಮೇಜಿಗೆ ತಂದು ಚುನಾವಣೆಯ ದಿನಾಂಕ ಗೊತ್ತುಮಾಡಿಸಿಕೊಂಡರು: 1994ರ ಏಪ್ರಿಲ್ 27.

ನನ್ನ ಅಭಿಪ್ರಾಯ ಹೇಳುತ್ತೇನೆ. 1985ರಲ್ಲಿ ಕೇಳಿದ್ದು ಹೋರಾಟದ ಕೊರಳು, ಅದನ್ನು ಕೊಡಲಿಲ್ಲ. 1993ರಲ್ಲಿ ಕೊಟ್ಟದ್ದು ಎದುರಾಳಿಯ ಭಯ ಇಳಿಸುವ ಬೆಲೆ. ಆ ಬೆಲೆ ಜಾಸ್ತಿಯಾಯಿತು, ಅದನ್ನು ತೆತ್ತವರು ಅಲೆಕ್ಸಾಂಡ್ರಾದಂಥ ಕಡೆಯವರು. ಆದರೆ 1999ರಲ್ಲಿ ಒಂದೇ ಅವಧಿಗೆ ಕೆಳಗಿಳಿದ ಮನುಷ್ಯನ ತಲೆಗೆ ಆಮೇಲಿನ ಇಪ್ಪತ್ತೈದು ವರ್ಷದ ಲೂಟಿಯನ್ನೂ ಕಟ್ಟುವುದು ನ್ಯಾಯವಲ್ಲ.

ನೇರಮಾತು:
ಬೆಲೆ ಜಾಸ್ತಿಯಾಯಿತು ಎಂದು ಒಪ್ಪಿದ್ದಕ್ಕೆ ಧನ್ಯವಾದ. ನಾನು ದಲಿತ ಕುಟುಂಬದಿಂದ ಬಂದವನು. ಮತ ಸಿಕ್ಕಿ ಮಣ್ಣು ಸಿಗದಿರುವುದು ಏನು ಎಂಬುದನ್ನು ಮನೆಯಲ್ಲೇ ನೋಡಿದ್ದೇನೆ, ಅದಕ್ಕೇ ಈ ಕಥೆ ನನಗೆ ದೂರದ್ದಲ್ಲ. 2001ರಲ್ಲಿ ಜನಾಂಗ ದ್ವೇಷದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದದ್ದು ಅದೇ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಜಾತಿ ತಾರತಮ್ಯವನ್ನೂ ಘೋಷಣೆಯಲ್ಲಿ ಸೇರಿಸಿ ಎಂದು ಇಲ್ಲಿಂದ ದಲಿತ ಸಂಘಟನೆಗಳು ಹೋಗಿದ್ದವು. ಸೇರಿಸಕೂಡದು ಎಂದು ಹಟ ಹಿಡಿದದ್ದು ಭಾರತ ಸರ್ಕಾರ. 1946ರಲ್ಲಿ ಎಲ್ಲರಿಗಿಂತ ಮೊದಲು ವ್ಯಾಪಾರ ಬಂದ್ ಮಾಡಿದ ದೇಶ ಇದೇ ಅಲ್ಲವೇ? ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳುತ್ತಾರೋ ಇಲ್ಲವೋ, ಇಲ್ಲಿ ಬರೆದಿಡುತ್ತಿದ್ದೇನೆ.

ಮಲೆನಾಡ ಮೇಷ್ಟ್ರು:
ಹೇಳುತ್ತೇನೆ. ಡರ್ಬನ್ ಮಾತು ಪಾಸ್‌ಪೋರ್ಟಿನ ಮಾತಿನ ಪಕ್ಕದಲ್ಲೇ ಬರಬೇಕು, ಇಲ್ಲದಿದ್ದರೆ ನಾವು ಬರೀ ನಮ್ಮ ಬೆನ್ನು ತಟ್ಟಿಕೊಂಡ ಹಾಗಾಗುತ್ತದೆ.

ಒಂದು ಸಂದೇಹ ಉಳಿಯಿತು. 1985ರ ಅದೇ ಷರತ್ತಿಗೆ ಬೇರೆ ಕೈದಿಗಳು ಯಾರಾದರೂ ಒಪ್ಪಿ ಹೊರಬಂದರಾ? ಬಂದಿದ್ದರೆ ಅವರನ್ನು ದ್ರೋಹಿಗಳೆಂದು ನೋಡಿದರಾ?

ಕಾನೂನು ಓದುವವಳು:
ಬಂದರು ಸರ್. ಮೇಲೆ ಹೆಸರು ಬಂದಿದೆಯಲ್ಲ, ಡೆನಿಸ್ ಗೋಲ್ಡ್‌ಬರ್ಗ್. ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಜತೆ ಕಟಕಟೆಯಲ್ಲಿ ನಿಂತವರು. ಬಣ್ಣದ ಕಾರಣಕ್ಕೆ ಸಂಗಾತಿಗಳಿಂದ ಬೇರೆಯಾಗಿ 22 ವರ್ಷ ಪ್ರಿಟೋರಿಯಾದಲ್ಲಿ ಇದ್ದರು, ಮಂಡೇಲಾಗೆ ಸಿಸುಲು ಇದ್ದ ಹಾಗೆ, ಕಥ್ರಾಡ ಇದ್ದ ಹಾಗೆ ಅವರಿಗೆ ರಿವೋನಿಯಾದವರು ಯಾರೂ ಪಕ್ಕದಲ್ಲಿರಲಿಲ್ಲ. 1985ರ ಫೆಬ್ರವರಿ 28ರಂದು ಸಹಿ ಹಾಕಿ ಹೊರಬಂದರು. ಟೀಕಿಸಿದವರು ಇದ್ದರು. ಆದರೆ ಗೋಲ್ಡ್‌ಬರ್ಗ್ ಹೊರಬಂದು ಮನೆಯಲ್ಲಿ ಕೂರಲಿಲ್ಲ, ಲಂಡನ್ನಿಗೆ ಹೋಗಿ ಕಾಂಗ್ರೆಸ್ಸಿನ ಕಚೇರಿ ಸೇರಿ 1994ರ ತನಕ ದುಡಿದರು. ಪಕ್ಷ ಅವರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ, ಕೆಲಸ ಕೊಟ್ಟಿತು. 2002ರಲ್ಲಿ ಊರಿಗೆ ಮರಳಿದರು, 2020ರಲ್ಲಿ ತೀರಿಕೊಂಡರು.

ಮಕ್ಕಳು ಈ ಪ್ರಶ್ನೆ ಕೇಳಿದರೆ ಮಂಡೇಲಾ ಸರಿ, ಗೋಲ್ಡ್‌ಬರ್ಗ್ ತಪ್ಪು ಎಂದು ಮಾತ್ರ ಹೇಳಬೇಡಿ ಸರ್. ಮಂಡೇಲಾ ಸಹಿ ಹಾಕಿದ್ದರೆ ಇಡೀ ಚಳವಳಿಯೇ ಸಹಿ ಹಾಕಿದ ಹಾಗೆ, ಬೋಥಾಗೆ ಬೇಕಿದ್ದದ್ದು ಅದೇ. ಗೋಲ್ಡ್‌ಬರ್ಗ್ ಸಹಿಗೆ ಆ ತೂಕ ಇರಲಿಲ್ಲ, ಅವರು ಒಬ್ಬರೇ ಹೊರಗೆ ಬಂದರು, ಬಂದು ಮತ್ತೆ ಅದೇ ಕೆಲಸಕ್ಕೆ ಕೈ ಹಚ್ಚಿದರು.